ಘಾಟು ಬಾರದ ಮನೆ

ಈ ಬೇಸಿಗೆಯಲ್ಲಿ ಉಣಕಲ್ಲಿನ ತಂಗಿಯ ಮನೆಗೆ ಹೋಗಿದ್ದೆ. ಕೆರೆಯ ಕಡೆ ಮುಖ ಮಾಡಿದ ಅಪಾರ್ಟ್‌ಮೆಂಟು. ಸಂಜೆ ಚಹಾ ಕುಡಿಯುತ್ತ ಕೂತಿದ್ದಾಗ ಪಕ್ಕದ ಮನೆಯಲ್ಲಿ ಯಾರೋ ಕೆಮ್ಮಿದರು. ಆಮೇಲೆ ಎದುರು ಮನೆಯಲ್ಲಿ. ನೋಡನೋಡುತ್ತ ಇಡೀ ಮಹಡಿಯೇ ಕೆಮ್ಮತೊಡಗಿತು. ತಂಗಿ ಓಢಣಿಯಿಂದ ಮೂಗು ಮುಚ್ಚಿಕೊಂಡು ಓಡಾಡಿ ಕಿಟಕಿ ತೆರೆದಳು, ಕಣ್ಣಲ್ಲಿ ಧಾರಾಕಾರ ನೀರು. ಬಾಗಿಲಿಗೆ ಬಂದ ಪಕ್ಕದ ಮನೆಯ ಅಜ್ಜಿ ಅಪರಾಧಿಯಂತೆ ನಿಂತು, "ಮೊಮ್ಮಗ ಊಟಾ ಬಿಟ್ಟಿದ್ದನ್ರಿ. ದಿಷ್ಟಿ ತಗದು ಮೆಣಸಿನಕಾಯಿ ಒಲಿಗೆ ಹಾಕಿದೆ. ಇಷ್ಟು ಘಾಟು ಬರತೈತಿ ಅಂತ ಗೊತ್ತಿರಲಿಲ್ಲ," ಎಂದರು. ಮಾತು ಮುಗಿಸಿ ನನ್ನನ್ನೇ ನೋಡತೊಡಗಿದರು. ಎಲ್ಲರೂ ಕಣ್ಣುಜ್ಜಿಕೊಳ್ಳುತ್ತಿರುವಾಗ ನಾನೊಬ್ಬಳು ಕಪ್ಪಿನ ಚಹಾ ಬಶಿಗೆ ಸುರಿದುಕೊಂಡು ಆರಾಮಾಗಿ ಊದುತ್ತಿದ್ದೆ.

"ಆಕಿಗೆ ಬರೂದಿಲ್ಲ ಬಿಡ್ರಿ, ಆಕಿ ಗಿರಣಿಯಾಕಿ," ಎಂದಳು ತಂಗಿ ಕೆಮ್ಮುತ್ತಲೇ. ಅವಳೂ ಅದೇ ಗಿರಣಿಯ ಮನೆಯಲ್ಲಿ ಹುಟ್ಟಿದವಳು. ಆದರೆ ಮದುವೆಯಾಗಿ ಬಂದ ಮೇಲೆ ಅವಳ ಮೂಗು ಮತ್ತೆ ನಾಲ್ಕು ಜನರ ಮೂಗಿನಂತಾಗಿದೆ. ನನ್ನದು ಆಗಿಲ್ಲ. ಘಾಟಿಗೆ ನಾನು ಕೆಮ್ಮಲಿಲ್ಲ ನಿಜ, ಆದರೆ ಆ ಕೆಮ್ಮುಗಳ ಸದ್ದು ಕೇಳುತ್ತ ಕೂತಾಗ ಅಪ್ಪ ಹೋದ ಮರುವರ್ಷದ ಬೇಸಿಗೆ ಎದೆಯ ಮೇಲೆ ಬಂದು ಕೂತಂತಾಯಿತು.

ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಖಾರದ ಗಿರಣಿ. ಹೋಳಿಹುಣ್ಣಿಮೆ ಮುಗಿಯಿತೆಂದರೆ ನಮಗೆ ಸುಗ್ಗಿ. ಹೆಂಗಸರು ಬ್ಯಾಡಗಿ ಮೆಣಸಿನಕಾಯಿ ತಂದು ಮಾಳಿಗೆಯ ಮೇಲೆ ಒಣಹಾಕುತ್ತಾರೆ, ತೊಟ್ಟು ಬಿಡಿಸುತ್ತಾರೆ, ಕೊತ್ತಂಬರಿ, ಒಣಕೊಬ್ಬರಿ, ಬಳ್ಳೊಳ್ಳಿ ಎಲ್ಲ ಹುರಿದು ಡಬ್ಬಿ ತುಂಬಿಕೊಂಡು ಬರುತ್ತಾರೆ. ವರ್ಷದ ಖಾರ ಒಂದೇ ಸಲಕ್ಕೆ ಆಗಬೇಕು. ಡಬ್ಬಿ ಇಟ್ಟು ಹೋಗುವವರು ಯಾರೂ ಇಲ್ಲ. ಗಂಡನನ್ನಾದರೂ ನಂಬಿಯಾರು, ಗಿರಣಿಯವರನ್ನು ನಂಬಲಾರರು. ತಮ್ಮ ಖಾರ ಮಂದಿಯ ಖಾರದಲ್ಲಿ ಬೆರೆತೀತು ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಟ್ಟೆಯ ಮೇಲೆ ಕಾವಲು ಕೂಡುತ್ತಾರೆ. ಆ ಎರಡು ತಿಂಗಳು ನಡೆದರೆ ನಮಗೆ ವರ್ಷ ನಡೆದಂತೆ.

ಅಪ್ಪ ತೀರಿಕೊಂಡದ್ದು ಆ ಬೇಸಿಗೆಯ ಹಿಂದಿನ ಕಾರ್ತಿಕದಲ್ಲಿ. ರವಿವಾರ ಮಧ್ಯಾಹ್ನದ ಹೊತ್ತು. ಯಂತ್ರ ತಿರುಗುತ್ತಿತ್ತು. ಅಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡು ಚೀಲದ ಮೇಲೆ ಕುಸಿದ. ನಾನು ಮೊದಲು ಮಾಡಿದ ಕೆಲಸವೆಂದರೆ ಯಂತ್ರ ನಿಲ್ಲಿಸಿದ್ದು. ಆ ಸದ್ದು ಅಡಗಿದ ಮೇಲೆ ಅಪ್ಪನ ಉಸಿರು ಕೇಳಿಸಿತು. ಸ್ವಲ್ಪ ಹೊತ್ತು ಕೇಳಿಸಿತು. ಅವತ್ತು ಗಿರಣಿಗೆ ಬಂದಿದ್ದ ಕಾಕಾ, ಅಪ್ಪನ ತಮ್ಮ ಈರಣ್ಣ, ಅಣ್ಣನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಓಡಿದರು. ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ನಾನಾಗ ಒಂದು ಸಣ್ಣ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ಅದನ್ನು ಬಿಟ್ಟು ಗಿರಣಿಗೆ ಕೂತೆ. ಮಂದಿ ತಲೆಗೊಂದು ಮಾತಾಡಿದರು. ನಾನು ಮೊದಲೇ ಸಿಡುಕಿ, ಯಾರ ಮಾತೂ ಕೇಳಿಸಿಕೊಳ್ಳಲಿಲ್ಲ. ಅವ್ವ ತಕ್ಕಡಿಯ ಹತ್ತಿರ ಕೂತಳು, ನಾನು ಯಂತ್ರದ ಹತ್ತಿರ. ಹುಟ್ಟಿದಾಗಿನಿಂದ ನೋಡಿದ ಕೆಲಸ, ಊರಿಗೆ ಬಂದವಳು ನೀರಿಗೆ ಬರಲೇಬೇಕಲ್ಲ ಎಂದುಕೊಂಡಿದ್ದೆ.

ಹೋಳಿ ಮುಗಿದ ವಾರವೇ ಮೊದಲ ಸಲ ಬಂತು. ಮಧ್ಯಾಹ್ನ ಕರೆಂಟು ಹೋಯಿತು. ಯಂತ್ರ ಗುರ್ ಎಂದು ಇಳಿಯುತ್ತ ಇಳಿಯುತ್ತ ನಿಂತಿತು. ಕಟ್ಟೆಯ ಮೇಲಿನ ಹೆಂಗಸರು ಏನೋ ಮಾತಾಡುತ್ತಿದ್ದರು, ಅವರ ಬಾಯಿ ಆಡುವುದು ಕಾಣುತ್ತಿತ್ತು. ನನಗೆ ಗಾಳಿ ಸಾಲದಾಯಿತು. ಎಳೆದೆ, ಅರ್ಧಕ್ಕೆ ನಿಂತಿತು. ಮತ್ತೆ ಎಳೆದೆ, ಮತ್ತೆ ಅರ್ಧ. ಬೆರಳ ತುದಿಗಳು ಜುಮ್ಮೆಂದವು, ತುಟಿಯ ಸುತ್ತ ಮರಗಟ್ಟಿತು, ಎದೆ ಬಡಿದುಕೊಳ್ಳುವುದು ಕಿವಿಯೊಳಗೆ ಕೇಳುತ್ತಿತ್ತು. ಅಪ್ಪನಿಗೆ ಆದದ್ದೇ ನನಗೂ ಆಗುತ್ತಿದೆ, ಇದೇ ಚೀಲದ ಮೇಲೆ ನಾನೂ ಹೋಗುತ್ತೇನೆ ಎಂದು ಖಾತ್ರಿಯಾಯಿತು. ಅವ್ವ ಓಡಿ ಬಂದು ನೀರು ಕುಡಿಸಿದಳು. ಅರ್ಧ ತಾಸಿನಲ್ಲಿ ಅದು ಹೇಗೆ ಬಂತೋ ಹಾಗೇ ಹೋಯಿತು.

ಖಾರದ ಮನೆಯಲ್ಲಿ ಉಸಿರು ಕಟ್ಟಿತೆಂದರೆ ಬೇರೆ ಕಾರಣ ಯಾರು ಹುಡುಕುತ್ತಾರೆ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುವ ಹಾಗೆ ಎಲ್ಲರೂ ಒಂದೇ ಮಾತು ಹೇಳಿದರು. ಮರುದಿನ ಕಾಕಾ ಬಂದರು. ಗಬ್ಬೂರಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಅವರದು. ಮೊದಲೆಲ್ಲ ಸುಗ್ಗಿಯ ದಿನಗಳಲ್ಲಿ ಅಂಗಡಿಯನ್ನು ಆಳಿಗೆ ಬಿಟ್ಟು ಅಣ್ಣನ ಜೊತೆ ಖಾರ ಕುಟ್ಟಿಸಲು ಬಂದುಬಿಡುತ್ತಿದ್ದರು. ಈಗ ಸ್ಕೂಟರಿನಿಂದ ಇಳಿಯುತ್ತಲೂ ಇರಲಿಲ್ಲ. ಎಂಜಿನ್ ಆರಿಸದೆ, ಒಂದು ಕಾಲು ನೆಲಕ್ಕೂರಿ, ರಸ್ತೆಯಿಂದಲೇ ಮಾತಾಡುತ್ತಿದ್ದರು.

"ಖಾರ ಎದ್ಯಾಗ ಕುಂತೈತಿ, ವೈನಿ," ಎಂದರು ಅವ್ವನಿಗೆ. "ಅಣ್ಣನ್ನ ತಗೊಂಡು ಹೋದದ್ದು ಸಾಲದೇನು? ಗಿರಣಿ ಮುಚ್ಚಿ ಬಿಡೂಣು. ಮೊಬೈಲ್ ಅಂಗಡಿ ಹಾಕಾಂವ ಒಬ್ಬಾಂವ ಜಾಗಾ ಕೇಳಾಕತ್ತಾನ."

"ಮುಚ್ಚೂದಿಲ್ಲ," ಎಂದೆ ನಾನು.

"ಬಸವ ಜಯಂತಿ ತನಕಾ ನೋಡ್ತೇನಿ, ಗಿರಿಜಾ. ನಿನ್ನ ದಮ್ಮು ಕಡಿಮಿ ಆದ್ರ ಛಲೋ ಆತು. ಆಗಲಿಲ್ಲಂದ್ರ ನಾನ ಬಂದು ಕೀಲಿ ಹಾಕಾಂವ."

ಸ್ಕೂಟರು ಹೊರಟುಹೋಯಿತು. ಕಟ್ಟಡದಲ್ಲಿ ಅವರ ಪಾಲೂ ಇತ್ತು, ಅವರು ಹೇಳಿದರೆ ಅವ್ವ ಇಲ್ಲವೆನ್ನುವವಳಲ್ಲ. ಅಣ್ಣನ ಮಣ್ಣು ಆರುವ ಮೊದಲೇ ಬಾಡಿಗೆಯ ಆಸೆ ಹತ್ತಿತು ಇವರಿಗೆ ಎಂದು ನಾನು ಹಲ್ಲು ಕಡಿದೆ.

ಆಮೇಲೆ ದಿನಗಳು ಹೇಗೆ ಹೋದವೆಂದರೆ, ಯಂತ್ರ ತಿರುಗುವಷ್ಟು ಹೊತ್ತು ನಾನು ಬದುಕಿರುತ್ತಿದ್ದೆ. ಕಣ್ಣು ಕತ್ತಲಿಡುವಷ್ಟು ಖಾರದ ಧೂಳಿನಲ್ಲಿ ನಿಂತು ಹೆಂಗಸರ ಜೊತೆ ಜಗಳಾಡುತ್ತಿದ್ದೆ, ಏನೂ ಆಗುತ್ತಿರಲಿಲ್ಲ. ಯಂತ್ರ ನಿಂತಿತೋ, ಬಂತು. ಹುಬ್ಬಳ್ಳಿಯ ಬೇಸಿಗೆಯಲ್ಲಿ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತು ಇಲ್ಲ. ಪಂಖ ತುಸು ಮೆಲ್ಲಗಾದರೂ ಸಾಕು, ಕುತ್ತಿಗೆಯ ಹಿಂದೆ ಬೆವರು ಒಡೆಯುತ್ತಿತ್ತು. ಬರುವುದಕ್ಕಿಂತ ಬಂದೀತೆಂಬ ಕಾಯುವಿಕೆಯೇ ಕೆಟ್ಟದ್ದು. ಅನ್ನ ನುಂಗುವಾಗ, ಸ್ನಾನಕ್ಕೆ ಬಾಗಿಲು ಹಾಕಿಕೊಳ್ಳುವಾಗ, ನನ್ನ ಉಸಿರನ್ನು ನಾನೇ ಕಾವಲು ಕಾಯುತ್ತಿದ್ದೆ. ಕಾವಲು ಹೆಚ್ಚಾದಷ್ಟೂ ಅದು ತಪ್ಪಿಸಿಕೊಳ್ಳುತ್ತಿತ್ತು.

ಅವ್ವ ಎಲ್ಲ ಮಾಡಿದಳು. ಶುಂಠಿಯ ಕಷಾಯ, ಬೆಲ್ಲ, ಮೂಗಿಗೆ ತುಪ್ಪ. ಗಾಳಿ ಬದಲಾಗಲಿ ಎಂದು ಉಣಕಲ್ಲಿನ ಈ ತಂಗಿಯ ಮನೆಗೇ ಕೆಲವು ದಿನ ಕಳಿಸಿದಳು. ಇಲ್ಲಿ ಖಾರವೂ ಇಲ್ಲ, ಧೂಳೂ ಇಲ್ಲ. ಒಂದು ಮಧ್ಯಾಹ್ನ ಸೋಫಾದ ಮೇಲೆ ಮಲಗಿದ್ದೆ. ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಅದು ಟಕ್ಕೆಂದು ನಿಂತಿತು. ಅಷ್ಟೇ ಸಾಕಾಯಿತು. ದಿಂಬು ಕಚ್ಚಿಕೊಂಡು ತಂಗಿಗೆ ಗೊತ್ತಾಗದ ಹಾಗೆ ಅದು ಇಳಿಯುವ ತನಕ ಬಿದ್ದುಕೊಂಡೆ. ಖಾರವಲ್ಲದಿದ್ದರೆ ಮತ್ತೇನು ಎಂದು ಕೇಳಿಕೊಳ್ಳಲು ನನಗೆ ಧೈರ್ಯವಿರಲಿಲ್ಲ.

ಡಾಕ್ಟರೂ ಆಯಿತು. ಎದೆಯ ಫೋಟೋ ತೆಗೆದರು, ಎದೆಗೆ ತಂತಿ ಹಚ್ಚಿ ಪಟ್ಟಿ ತೆಗೆದರು, ಒಂದು ಕೊಳವೆ ಊದಿಸಿದರು. ಎಲ್ಲ ಚೆನ್ನಾಗಿದೆ ಎಂದರು ಡಾಕ್ಟರಮ್ಮ. ಕಾಕಾನಿಗೆ ನಂಬಿಕೆ ಬರಲಿಲ್ಲ. "ಖಾರ ಫೋಟೋದಾಗ ಬರತೈತೇನು?" ಎಂದು ಸ್ಕೂಟರಿನ ಮೇಲಿಂದಲೇ ಕೇಳಿದರು. ನನಗೂ ಆಗ ಅದು ಸರಿಯಾದ ಪ್ರಶ್ನೆ ಎನಿಸಿತ್ತು.

ಉಳಿದದ್ದು ದೃಷ್ಟಿ. ಗುರುವಾರ ಸಂಜೆ ಅವ್ವ ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ಹಾದಿ ಕಣ್ಣು, ಬೀದಿ ಕಣ್ಣು, ಬಂದವರ ಕಣ್ಣು ಎನ್ನುತ್ತ ನನ್ನ ಮುಖಕ್ಕೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಸುಟ್ಟು ಘಾಟು ಬಂದರೆ ದೃಷ್ಟಿಯಿಲ್ಲ, ಬಾರದಿದ್ದರೆ ಆಗಿದೆ ಎಂದು ಲೆಕ್ಕ. ಮೆಣಸಿನಕಾಯಿ ಚಟಪಟ ಸಿಡಿದವು, ಕರಿ ಹೊಗೆ ಎದ್ದಿತು. ನಾವಿಬ್ಬರೂ ಮೂಗು ಅರಳಿಸಿ ಕಾದೆವು. ಘಾಟು ಬರಲಿಲ್ಲ.

ಅವ್ವನ ಮುಖ ಬಿಳಿಚಿತು. ಮುಂದಿನ ವಾರ ಎರಡು ಹಿಡಿ ಹಾಕಿದಳು. ಬರಲಿಲ್ಲ. ಅದರ ಮುಂದಿನ ವಾರ ಗುಂಟೂರಿನ ಖಾರವಾದ ಕಾಯಿಯನ್ನೇ ಆರಿಸಿ ಹಾಕಿದಳು. "ಎಂಥಾ ಕಣ್ಣು ಬಿದ್ದೈತವ್ವ ನಿನಗ. ಇಷ್ಟು ಸುಟ್ಟರೂ ಒಂದು ಕೆಮ್ಮು ಬರವಲ್ದು," ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ದೃಷ್ಟಿಗಿಷ್ಟಿ ಎಂದರೆ ನಗುತ್ತಿದ್ದವಳು ನಾನು. ಆದರೆ ಆ ಹೊಗೆಯ ಮುಂದೆ ಕೂತು ಬಾರದ ಘಾಟಿಗೆ ನಾನೂ ಅವ್ವನಷ್ಟೇ ಕಾಯತೊಡಗಿದ್ದೆ. ಬಸವ ಜಯಂತಿ ಹತ್ತಿರವಾಗುತ್ತಿತ್ತು.

ಮತ್ತೊಂದು ಗುರುವಾರ ಅವ್ವ ಬೊಗಸೆ ತುಂಬ ಹಾಕಿದಳು. ಹೊಗೆ ಬಾಗಿಲಾಚೆ ಹೋಯಿತು. ಸ್ವಲ್ಪ ಹೊತ್ತಿಗೆ ಮಗ್ಗುಲ ಮನೆಯ ನೂರ್‌ಜಾನ್ ಭಾಬಿ ಒಳನುಗ್ಗಿದರು. ಬಟ್ಟೆ ಹೊಲಿಯುವವರು, ಕೊರಳಲ್ಲಿ ಅಳತೆಯ ಟೇಪು ಇನ್ನೂ ತೂಗುತ್ತಿತ್ತು. ಮುಖ ಕೆಂಪಗೆ, ಮೂಗು ಬಾಯಿ ಕಣ್ಣು ಮೂರರಲ್ಲೂ ನೀರು. ಬಾಗಿಲ ಚೌಕಟ್ಟು ಹಿಡಿದುಕೊಂಡು ಮಾತು ಹೊರಡುವ ತನಕ ಕೆಮ್ಮಿದರು.

"ಏನ್ ಹಚ್ಚೀರಿ ಅಕ್ಕಾರ? ಪ್ರತಿ ಬೇಸ್ತವಾರ ನಮ್ಮನ್ನ ಕೊಲ್ಲಾಕತ್ತೀರಲ್ಲ. ಗಿರಣಿ ಘಾಟು ಅಂತ ಸುಮ್ಮನಿದ್ದೆ. ಇವತ್ತ ಗಿರಣಿ ಬಂದ್ ಐತಿ."

"ದಿಷ್ಟಿ ತಗಿಯಾಕತ್ತೇನಿ. ಏನ್ ಮಾಡಿದ್ರೂ ಘಾಟ ಬರವಲ್ದು," ಎಂದಳು ಅವ್ವ, ಅಳುವ ದನಿಯಲ್ಲಿ.

ಭಾಬಿ ಅವ್ವನನ್ನು ನೋಡಿದರು, ಕೆಂಡ ನೋಡಿದರು, ಹೊಗೆಯ ನಡುವೆ ಕಣ್ಣೂ ಮಿಟುಕಿಸದೆ ಕೂತಿದ್ದ ನನ್ನನ್ನು ನೋಡಿದರು. "ನಾವೂ ನಜರ್ ತಗಿತೀವ್ರಿ, ನಮಗೂ ಗೊತ್ತೈತಿ. ಆದ್ರ ನಿಮ್ಮ ಮನ್ಯಾಗ ಯಾರಿಗೆ ಮೂಗ ಐತಿ? ಖಾರದಾಗ ಹುಟ್ಟಿ ಖಾರದಾಗ ಬೆಳದವ್ರು, ನಿಮಗೆಲ್ಲಿ ಘಾಟ ಬರಬೇಕು. ನಮ್ಮ ಓಣಿ ಮಂದಿ ಎಲ್ಲಾ ಕೆಮ್ಮಾಕತ್ತೈತಿ ಹೊರಗ."

ನನಗೆ ನಗೆ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ, ಅವ್ವನೂ ನಕ್ಕಳು, ಭಾಬಿ ಕೆಮ್ಮುತ್ತ ನಕ್ಕರು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ನಗೆ ಕೇಳಿದ್ದು ಅವತ್ತೇ.

ನಗೆ ಮುಗಿದ ಮೇಲೆ ಮಾತ್ರ ಜೀವ ಜಲ್ಲೆಂದಿತು. ದೃಷ್ಟಿಯಲ್ಲ. ಫೋಟೋದ ಪ್ರಕಾರ ಎದೆಯ ರೋಗವೂ ಅಲ್ಲ. ತಂಗಿಯ ಮನೆಯ ಫ್ರಿಜ್ಜಿನಲ್ಲಿ ಖಾರವಿರಲಿಲ್ಲ. ಮರುದಿನ ಒಬ್ಬಳೇ ಆ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಅವಸರ ಮಾಡಲಿಲ್ಲ.

"ಮಷಿನ್ ನಡದಾಗ ಬರೂದಿಲ್ಲ, ನಿಂತಾಗ ಬರತೈತಿ ಅಂದ್ರಿ. ಮಷಿನ್ ನಿಂತಾಗ ಏನು ನೆನಪಾಗತೈತ್ರಿ ನಿಮಗ?"

ನಾನು ಕುರ್ಚಿಯಿಂದ ಏಳಹೋದೆ. ಅವರು ಅದನ್ನೇ ಉತ್ತರವೆಂದು ತಿಳಿದರು. "ಇದು ಹೆದರಿಕಿ. ಸುಳ್ಳಲ್ಲ, ನಾಟಕಲ್ಲ, ಎದಿ ಹಿಡಿಯೂದು ಖರೇನ ಹಿಡಿತೈತಿ. ಆದ್ರ ಇದು ನಿಮ್ಮನ್ನ ಕೊಲ್ಲೂದಿಲ್ಲ. ಗಾಳಿ ಸಾಲವಲ್ದು ಅಂತ ನೀವು ಎಳಕೊಂತ ಹೋಗತೀರಿ, ಎಳದಷ್ಟೂ ಕಟ್ಟತೈತಿ. ಎಳಕೊಳ್ಳೂದು ಬಿಟ್ಟು ಹೊರಗ ಬಿಡ್ರಿ. ತುಟಿ ಸಣ್ಣ ಮಾಡಿ, ಸಾವಕಾಶ." ವಾರಕ್ಕೊಮ್ಮೆ ಬಂದು ಮಾತಾಡಿ ಹೋಗಬೇಕೆಂದೂ ಹೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. ಸಾಯುವ ಹಾಗಾಗುತ್ತದೆ ಎಂದರೆ ಹೆದರಿಕೆ ಅನ್ನುತ್ತಾರೆ. ದಮ್ಮು ಎಂದರೆ ಮಂದಿ ನೀರು ಕೊಡುತ್ತಾರೆ, ಹೆದರಿಕೆ ಎಂದರೆ ಬಾಯಿಗೆ ಸೆರಗು ಹಚ್ಚಿ ನಗುತ್ತಾರೆ. ಬಸ್ಸಿನುದ್ದಕ್ಕೂ ಕುದಿಯುತ್ತ ಬಂದು, ಅವ್ವ ಕೊಟ್ಟ ಚಹಾ ಬಶಿಗೆ ಸುರಿದುಕೊಂಡೆ. ಬಿಸಿಯಿತ್ತು. ಊದಿದೆ. ತುಟಿ ತಾನಾಗಿ ಸಣ್ಣದಾಗಿತ್ತು.

ಆಗ ಅಪ್ಪ ನೆನಪಾದ. ನಾನು ಫ್ರಾಕು ಹಾಕುತ್ತಿದ್ದ ವಯಸ್ಸು. ಯಂತ್ರದ ಮುಚ್ಚಳ ತೆಗೆದರೆ ಬಿಸಿ ಖಾರದ ಘಾಟು ಮುಖಕ್ಕೆ ಹೊಡೆಯುತ್ತಿತ್ತು. ಇನ್ನೂ ನನಗೆ ಮೂಗಿದ್ದ ಕಾಲ ಅದು. ನಾನು ಗಾಬರಿಯಿಂದ ಸೇದುತ್ತಿದ್ದೆ, ಸೇದಿದಷ್ಟೂ ಗಂಟಲು ಸುಡುತ್ತಿತ್ತು. ಅಪ್ಪ ಬೆನ್ನ ಮೇಲೆ ಕೈಯಿಟ್ಟು ಹೇಳುತ್ತಿದ್ದ: "ಸೇದಬ್ಯಾಡವಾ, ಊದು. ಬಶ್ಯಾಗಿನ ಚಹಾ ಊದಿದಂಗ ಊದು. ಘಾಟು ತಾನ ಬಂದೈತಿ, ತಾನ ಹೋಗತೈತಿ."

ಬಶಿ ಕೆಳಗಿಟ್ಟು ಅತ್ತೆ. ಅಪ್ಪನಿಗಾಗಿ ಅತ್ತದ್ದು ಅದೇ ಮೊದಲು. ಅಲ್ಲಿಯ ತನಕ ಗಿರಣಿ ನಡೆಸುವುದರಲ್ಲೇ ಹೊತ್ತು ಹೋಗಿತ್ತು.

ಊದುವುದರಿಂದ ಎಲ್ಲ ನೆಟ್ಟಗಾಯಿತು ಎಂದರೆ ಸುಳ್ಳಾದೀತು. ಒಮ್ಮೊಮ್ಮೆ ಇಳಿಯುತ್ತಿತ್ತು, ಒಮ್ಮೊಮ್ಮೆ ನನ್ನನ್ನು ಬಡಿದು ಹಾಕಿಯೇ ಹೋಗುತ್ತಿತ್ತು. ಆದರೆ ಅದಕ್ಕೊಂದು ಏರು ಇದೆ, ಒಂದು ಇಳುಕು ಇದೆ ಎಂದು ಗೊತ್ತಾಯಿತು. ಕಾಕಾ ಕೊಟ್ಟ ಗಡುವಿಗೆ ಇಷ್ಟು ಸಾಕಾಗುತ್ತಿರಲಿಲ್ಲ. ದಮ್ಮು ಹೋಗಿದೆಯೇ ಎಂದು ಕೇಳಿದರೆ ಇಲ್ಲವೆನ್ನಬೇಕಿತ್ತು. ಖಾರದಿಂದಲ್ಲ ಎನ್ನಬೇಕಾದರೆ ಹೆದರಿಕೆ ಎಂಬ ಮಾತನ್ನು ನಾಲಿಗೆಗೆ ತರಬೇಕಿತ್ತು. ಬಿಸಿ ತುಪ್ಪವಾಗಿತ್ತು ಅದು, ನುಂಗಲೂ ಆಗದು, ಉಗುಳಲೂ ಆಗದು.

ಬಸವ ಜಯಂತಿಯ ಹಿಂದಿನ ದಿನ ಮಧ್ಯಾಹ್ನವೇ ಮೋಡ ಕಟ್ಟಿತು. ಅಡ್ಡಮಳೆ ಬರುವುದರೊಳಗೆ ಖಾರ ಮಾಡಿಸಿಕೊಳ್ಳಬೇಕೆಂದು ಹೆಂಗಸರು ಮುಗಿಬಿದ್ದಿದ್ದರು. ಕಟ್ಟೆಯ ತುಂಬ ಡಬ್ಬಿ. ನೂರ್‌ಜಾನ್ ಭಾಬಿಯೂ ತಮ್ಮದೊಂದು ಹಿಡಿದು ಕೂತಿದ್ದರು. ಗುಡುಗು ಶುರುವಾಗುವ ಹೊತ್ತಿಗೆ ಕಾಕಾನ ಸ್ಕೂಟರು ಬಂತು. ಹಿಂದೆ ಮೊಬೈಲ್ ಅಂಗಡಿಯವನು. ಜಾಗ ನೋಡಲು ಬಂದಿದ್ದ. ಅವನು ಇಳಿದು ಒಳಗೆ ಬಂದವನೇ ಗೋಡೆಗಳ ಉದ್ದ ಅಗಲ ಕಣ್ಣಲ್ಲೇ ಅಳೆಯತೊಡಗಿದ, ಕೆಮ್ಮುತ್ತ.

ಆಗಲೇ ಕರೆಂಟು ಹೋಯಿತು.

ಯಂತ್ರ ಇಳಿಯತೊಡಗಿತು. ಆ ಇಳಿಯುವ ಸದ್ದಿಗಿಂತ ಕೆಟ್ಟದ್ದು ನನಗೆ ಈ ಲೋಕದಲ್ಲಿ ಇನ್ನೊಂದಿರಲಿಲ್ಲ. ನಿಂತಿತು. ಎದೆ ಹಿಡಿಯಿತು. ಎಲ್ಲರೂ ನೋಡುತ್ತಿದ್ದಾರೆ, ಕಾಕಾ ನೋಡುತ್ತಿದ್ದಾರೆ, ನಾಳೆ ಕೀಲಿ. ಚೀಲದ ಮೇಲೆ ಕೂತೆ. ಊದು ಎಂದುಕೊಂಡೆ. ಆಗಲಿಲ್ಲ. ತುಟಿ ಮರಗಟ್ಟಿತ್ತು. ಅವ್ವ ತಕ್ಕಡಿ ಬಿಟ್ಟು ಏಳುತ್ತಿದ್ದಳು. ಮಳೆ ಒಮ್ಮೆಲೇ ಹುಯ್ಯಿತು.

ಬಾಗಿಲ ಕಡೆ ನೋಡಿದೆ. ಹೆಂಗಸರೆಲ್ಲ ಡಬ್ಬಿ ಎತ್ತಿಕೊಂಡು ಒಳಗೆ ಬಂದಿದ್ದರು. ಕಾಕಾ ಬಂದಿರಲಿಲ್ಲ. ಎರಡು ಹೆಜ್ಜೆ ಇಟ್ಟರೆ ಸೂರು ಸಿಗುತ್ತಿತ್ತು, ಆದರೂ ಆ ಮಳೆಯಲ್ಲಿ ತೊಯ್ಯುತ್ತ ನಿಂತಿದ್ದರು. ಸ್ಕೂಟರಿನ ಎಂಜಿನ್ನೂ ಆರಿತ್ತು. ಒಂದು ಕೈ ಹೊರಗಿನ ಕಂಬ ಹಿಡಿದಿತ್ತು, ಬೆರಳು ಬಿಳಿಚಿದ್ದವು. ಬಾಯಿ ತೆರೆದಿತ್ತು. ಭುಜ ಮೇಲೇರುತ್ತಿತ್ತು, ಅರ್ಧಕ್ಕೆ ನಿಲ್ಲುತ್ತಿತ್ತು. ಮತ್ತೆ ಏರುತ್ತಿತ್ತು, ಮತ್ತೆ ಅರ್ಧ.

ಆ ಮುಖ ನನಗೆ ಗೊತ್ತಿತ್ತು. ಅಷ್ಟು ಮಂದಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಹೇಗೆ ಎದ್ದೆನೋ ತಿಳಿಯದು. ಗೋಡೆ ಹಿಡಿದು ಹೊಸ್ತಿಲ ತನಕ ಹೋದೆ. "ಕಾಕಾ, ಒಳಗ ಬರ್ರಿ."

"ಇಲ್ಲೇ... ಛಲೋ ಐತಿ."

"ಮಳ್ಯಾಗ?"

ಅವರು ಕಂಬವನ್ನು ಇನ್ನೂ ಬಿಗಿ ಹಿಡಿದರು. ನಾನೇ ತುಂಡು ತುಂಡಾಗಿ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ. "ನನಗ ಆಗಿದ್ದು ದಮ್ಮಲ್ಲ ಕಾಕಾ. ಖಾರಲ್ಲ. ಹೆದರಿಕಿ. ಮಷಿನ್ ನಿಂತ್ರ ಅಪ್ಪನ ಉಸಿರು ಕೇಳಿಸತೈತಿ. ಡಾಕ್ಟರ್ ಹೇಳ್ಯಾರ. ನಿಮಗೂ ಅದ ಆಗೇತಿ."

ಯಾರೂ ನಗಲಿಲ್ಲ. ಮಳೆಯ ನೀರು ಕಾಕಾನ ಮೂಗಿನ ತುದಿಯಿಂದ ಇಳಿಯುತ್ತಿತ್ತು.

"ಅಣ್ಣನ್ನ ಎತ್ಕೊಂಡು ಈ ಹೊಸ್ತಲಾ ದಾಟಿದಾಂವ ನಾ ಅಲ್ಲೇನವಾ," ಎಂದರು. "ದಾಟೂ ಮುಂದ ಜೀವ ಇತ್ತು. ಹೊರಗ ಬರೂದ್ರಾಗ ಭಾರ ಆದ. ಆವಾಗಿಂದ ಇಲ್ಲಿ ಬಂದ್ರ ನನ್ನ ಎದಿ ಹಿಂಗ... ನಿನ್ನ ಸಲುವಾಗಿ ಅಂದೆ. ನನ್ನ ಸಲುವಾಗಿ ಮುಚ್ಚಾಕ ಹೊಂಟಿದ್ದೆ."

ಬಾಡಿಗೆಯ ಆಸೆ ಎಂದು ಹಲ್ಲು ಕಡಿದದ್ದು ನೆನಪಾಯಿತು. ಅವರ ಕೈ ಹಿಡಿದೆ. ನನ್ನ ಕೈಗಿಂತ ತಣ್ಣಗಿತ್ತು. "ಸೇದಬ್ಯಾಡ್ರಿ ಕಾಕಾ, ಊದ್ರಿ. ಬಶ್ಯಾಗಿನ ಚಹಾ ಊದಿದಂಗ. ಅಪ್ಪ ಹೇಳತಿದ್ನಲ್ಲ."

"ನನಗೂ ಹೇಳತಿದ್ದ," ಎಂದರು ಕಾಕಾ.

ಹೊಸ್ತಿಲಿನ ಆಚೆ ಅವರು, ಈಚೆ ನಾನು. ಇಬ್ಬರೂ ತುಟಿ ಸಣ್ಣ ಮಾಡಿಕೊಂಡು ಊದಿದೆವು. ನೋಡಿದವರಿಗೆ ಹುಚ್ಚರಂತೆ ಕಂಡಿರಬೇಕು. ಅವರಿಗೆ ತೋರಿಸಿಕೊಡಲು ಹೋಗಿ ನನ್ನ ತುಟಿ ಮಾತು ಕೇಳತೊಡಗಿತ್ತು. ಮಳೆ ಸುರಿಯುತ್ತಲೇ ಇತ್ತು, ನೂರ್‌ಜಾನ್ ಭಾಬಿ ಮೊಬೈಲ್ ಅಂಗಡಿಯವನನ್ನು ಮೂಲೆಗೆ ಸರಿಸಿ ದಾರಿ ಮಾಡಿದರು. ಕಾಕಾ ಕಂಬ ಬಿಟ್ಟರು. ಹೊಸ್ತಿಲನ್ನೇ ನೋಡುತ್ತ ಬಹಳ ಹೊತ್ತು ನಿಂತು, ಕೊನೆಗೆ ಬಲಗಾಲು ಎತ್ತಿ ಒಳಗಿಟ್ಟರು. ಆಮೇಲೆ ಎಡಗಾಲು.

ಒಳಗೆ ಬಂದು ಒಂದು ಉಸಿರು ಎಳೆದುಕೊಂಡರೋ ಇಲ್ಲವೋ, ಕೆಮ್ಮು ಹತ್ತಿತು. ಅಂಥಿಂಥ ಕೆಮ್ಮಲ್ಲ. ಆರು ತಿಂಗಳು ಗಿರಣಿಯೊಳಗೆ ಕಾಲಿಡದೆ ಅವರಿಗೆ ಮೂಗು ಹೊಸದಾಗಿ ಬಂದಿತ್ತು. ಬಗ್ಗಿ ಮೊಣಕಾಲು ಹಿಡಿದುಕೊಂಡು ಕೆಮ್ಮಿದರು, ಕಣ್ಣಿಂದ ದಳದಳ ನೀರು ಸುರಿಯಿತು. ಅದರಲ್ಲಿ ಘಾಟಿನದೆಷ್ಟು, ಅಣ್ಣನದೆಷ್ಟು ಎಂದು ನಾನು ನೋಡಲು ಹೋಗಲಿಲ್ಲ.

ಅವ್ವ ಬಂದು ಸೆರಗಿನಿಂದ ಮೈದುನನ ತಲೆ ಒರೆಸಿದಳು.

"ಘಾಟು ಬಂತಲ್ಲ, ಈರಣ್ಣಾ," ಎಂದಳು. "ಹಂಗಾರ ಮನೀ ದಿಷ್ಟಿ ಹೋತು, ಬಿಡು."